ಜಿಎಸ್‌ಟಿ ನಂಬರೂ ಗೃಹಲಕ್ಷ್ಮಿಯೂ

ಕಳೆದ ವಾರ ದುರ್ಗದಬೈಲ್ ಕಡೆಯ ಅಂಗಡಿಕಾರರೊಬ್ಬರು ನನ್ನ ಆಫೀಸಿಗೆ ಬಂದಿದ್ದರು. ವೈರು, ಸ್ವಿಚ್ಚು, ಬಲ್ಬಿನ ವ್ಯಾಪಾರ. ವರ್ಷಕ್ಕೆ 28 ಲಕ್ಷದ ವಹಿವಾಟು. ಕುಂತವರೇ, “ಸಾಹೇಬ್ರ, ಆ ಜಿಎಸ್‌ಟಿ ನಂಬರ್ ಕ್ಯಾನ್ಸಲ್ ಮಾಡಿಸಿಬಿಡ್ರಿ. ನಮ್ಮ ಮನಿಯಾಕಿಗೆ ಗೃಹಲಕ್ಷ್ಮಿ ರೊಕ್ಕ ಬರಂಗಿಲ್ಲಂತ” ಅಂದರು.

ಹುಬ್ಬಳ್ಳಿಯಲ್ಲಿ ಲೆಕ್ಕ ಬರೆಯುವ ನಮ್ಮಂಥವರಿಗೆ 2023ರಿಂದ ಇದು ದಿನದ ಮಾತು. ಮನೆಯೊಡತಿಯೋ ಆಕೆಯ ಗಂಡನೋ ಆದಾಯ ತೆರಿಗೆ ಕಟ್ಟುತ್ತಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ ಹಾಕುತ್ತಿದ್ದರೆ ತಿಂಗಳ ಎರಡು ಸಾವಿರ ಇಲ್ಲ. ಲಾಭ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಬಿಲ್ ಹರಿಯದೆ ಅಷ್ಟೇ ವ್ಯಾಪಾರ ಮಾಡುವ ಪಕ್ಕದ ಅಂಗಡಿಯವರ ಮನೆಗೆ ಹಣ ಬರುತ್ತದೆ. ಹೊಟ್ಟೆ ಉರಿಯದೆ ಇರುತ್ತದಾ?

ರದ್ದು ಮಾಡಿಸಬಹುದು. ರಾಜ್ಯದೊಳಗೆ ಸರಕು ಮಾರುವವರಿಗೆ 40 ಲಕ್ಷದವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ಇವರ ದೊಡ್ಡ ಗಿರಾಕಿಗಳು ಗುತ್ತಿಗೆದಾರರು. ಅವರಿಗೆ ತೆರಿಗೆ ಬಿಲ್ ಬೇಕು, ಕ್ರೆಡಿಟ್ ಬೇಕು, ಅಂದರೆ ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಅವಕಾಶ. ಇಲ್ಲಿ ಸಿಗದಿದ್ದರೆ ಬೇರೆ ಅಂಗಡಿಗೆ ಹೋಗುತ್ತಾರೆ. ಅಲ್ಲದೆ ರದ್ದಾದ ದಿನ ಅಂಗಡಿಯಲ್ಲಿ ಉಳಿದ ಮಾಲಿನ ಮೇಲೆ ಪಡೆದ ಕ್ರೆಡಿಟ್ ಅನ್ನು ವಾಪಸ್ ಕಟ್ಟಬೇಕು. ವರ್ಷದ 24 ಸಾವಿರಕ್ಕೆ ಇಷ್ಟು ಕಳೆದುಕೊಳ್ಳೋದು ದಡ್ಡತನ ಅಂತ ಹೇಳಿದೆ.

“ಹಂಗಾರ ಕಟ್ಟೋರು ನಾವು, ತಗೊಳ್ಳೋರು ಬ್ಯಾರೆದವ್ರು” ಅಂದರು. ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮ ಆಫೀಸಿನ ಕಸ ಗುಡಿಸುವಾಕೆ ಕುಂದಗೋಳದಿಂದ ಶಕ್ತಿ ಬಸ್ಸಿನಲ್ಲಿ ಬರುತ್ತಾಳೆ. ಉಳಿದ ದುಡ್ಡು ಮಗಳ ಫೀಸಿಗೆ ಹೋಗುತ್ತದೆ. ಆಕೆಯ ಮೇಲೆ ಸಿಟ್ಟಾಗಿ ಏನು ಪ್ರಯೋಜನ?

ಸಿಟ್ಟಿಗೆ ಕಾರಣ ಲೆಕ್ಕದಲ್ಲಿದೆ. 2025-26ರ ರಾಜ್ಯ ಬಜೆಟ್ 4,09,549 ಕೋಟಿ. ಅದರಲ್ಲಿ ಗ್ಯಾರಂಟಿಗಳಿಗೆ 51,034 ಕೋಟಿ, ಅಂದರೆ ನೂರಕ್ಕೆ ಹನ್ನೆರಡೂವರೆ ರೂಪಾಯಿ. ಅದೇ ವರ್ಷಕ್ಕೆ ಬಜೆಟ್‌ನಲ್ಲಿ ಅಂದಾಜಿಸಿದ್ದ ಸಾಲ 1.16 ಲಕ್ಷ ಕೋಟಿ. 2024ರ ಜೂನ್‌ನಲ್ಲಿ ಪೆಟ್ರೋಲ್ ಲೀಟರಿಗೆ 3 ರೂಪಾಯಿ ಏರಿತು. 2025ರ ಜನವರಿಯಲ್ಲಿ ಬಸ್ ದರ ಶೇ 15 ಜಾಸ್ತಿ ಆಯಿತು. ಹೆಂಡತಿಗೆ ಟಿಕೆಟ್ ಫ್ರೀ, ಗಂಡನ ಟಿಕೆಟ್ ತುಟ್ಟಿ. ಮನೆಯ ಖರ್ಚಿನ ಪುಸ್ತಕದಲ್ಲಿ ಎರಡೂ ಒಂದೇ ಪುಟದಲ್ಲಿ ಬರುತ್ತವೆ.

“ಮುಂದಿನ ಸಲ ಇವರಿಗೆ ಓಟ ಹಾಕಂಗಿಲ್ಲ ಬಿಡ್ರಿ” ಅಂದರು. ಹಾಗಾದರೆ ಯಾರಿಗೆ? 2023ರಲ್ಲಿ ಬಿಜೆಪಿ ದಿನಾ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಸಿಲಿಂಡರ್ ಅಂದಿತ್ತು. ಜೆಡಿಎಸ್ ಐದು ಸಿಲಿಂಡರ್ ಅಂದಿತ್ತು. 2022ರ ಜುಲೈನಲ್ಲಿ ಪ್ರಧಾನಿ ಇಂಥ ಕೊಡುಗೆಗಳನ್ನು ‘ರೇವಡಿ’ (ಹಂಚುವ ಮಿಠಾಯಿ) ಅಂತ ಹಂಗಿಸಿದ್ದರು. ಎರಡೇ ವರ್ಷದಲ್ಲಿ ಅವರ ಮೈತ್ರಿಕೂಟವೇ ಮಹಾರಾಷ್ಟ್ರದ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,500 ಕೊಡಲು ಶುರು ಮಾಡಿತು. ಇನ್ನು ನೋಟಾ, ಅಂದರೆ ‘ಇವರಲ್ಲಿ ಯಾರೂ ಬೇಡ’. 2013ರಿಂದ ಆ ಗುಂಡಿ ಮತಯಂತ್ರದಲ್ಲಿದೆ. ವಿಧಾನಸಭೆ ಚುನಾವಣೆಯಲ್ಲಿ ಅದಕ್ಕೇ ಹೆಚ್ಚು ಮತ ಬಿದ್ದರೂ ನಂತರದ ಅಭ್ಯರ್ಥಿಯೇ ಗೆಲ್ಲುತ್ತಾನೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪುಡಿ ಮಾಡುವ ಮಿಷನ್ ಹಾಕಲು ಐದು ಲಕ್ಷ ಸಾಲ ಬೇಕಾದರೂ ನಾನು ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡಬೇಕು. ಕಂತು ಎಲ್ಲಿಂದ ಕಟ್ಟುತ್ತೀರಿ ಅಂತ ಬ್ಯಾಂಕಿನವರು ನೂರು ಸಲ ಕೇಳುತ್ತಾರೆ. ಪಕ್ಷಗಳೂ ಭರವಸೆಯ ಜೊತೆ ಹಣದ ಮೂಲವನ್ನು ಒಂದು ನಮೂನೆಯಲ್ಲಿ ತುಂಬಿ ಕೊಡಲಿ ಅಂತ 2022ರ ಅಕ್ಟೋಬರ್‌ನಲ್ಲಿ ಚುನಾವಣಾ ಆಯೋಗ ಪ್ರಸ್ತಾಪ ಇಟ್ಟಿತ್ತು. ಮರುವರ್ಷ ನಮ್ಮ ಊರಲ್ಲಿ ಮನೆಮನೆಗೆ ಬಂದಿದ್ದು ಗ್ಯಾರಂಟಿ ಕಾರ್ಡು. ಅದರ ಹಿಂದೆ ಬ್ಯಾಲೆನ್ಸ್ ಶೀಟ್ ಇರಲಿಲ್ಲ.

ಊರ ಮಟ್ಟದಲ್ಲಾದರೂ ಆಯ್ಕೆ ಇದೆಯಾ ಅಂದರೆ, ಜಿಲ್ಲಾ ಪಂಚಾಯಿತಿ ಚುನಾವಣೆ ಕೊನೆಗೆ ನಡೆದದ್ದು 2016ರಲ್ಲಿ. ಅವಧಿ 2021ಕ್ಕೇ ಮುಗಿಯಿತು. 2025 ಕಳೆದರೂ ಮತ್ತೆ ಚುನಾವಣೆ ಆಗಲಿಲ್ಲ.

ಅಂಗಡಿಕಾರರು ಚಹಾ ಕುಡಿದು ಫೈಲ್ ಎತ್ತಿಕೊಂಡರು. “ನಂಬರ್ ಇರ್ಲಿ ಬಿಡ್ರಿ” ಅಂದವರು ಬಾಗಿಲ ತನಕ ಹೋಗಿ ವಾಪಸ್ ಬಂದರು. ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. “ಈ ಲೆಕ್ಕಾನೆಲ್ಲಾ ಆಕಿಗೆ ನೀವ ಹೇಳ್ರಿ ಸಾಹೇಬ್ರ. ನಾ ಹೇಳಿದ್ರ ನಂಬಂಗಿಲ್ಲ.”