ಟ್ಯಾಂಕಿನ ತಳದಲ್ಲಿ ಉಳಿದ ಇಂಧನ: ಬಾಹ್ಯಾಕಾಶದಲ್ಲಿ ಕಸ ಬೆಳೆದ ಕತೆ

2023ರ ಜುಲೈ 14ರಂದು ಚಂದ್ರಯಾನ-3 ಶ್ರೀಹರಿಕೋಟಾದಿಂದ ಹೊರಟಿದ್ದು ಮೊದಲು ಗೊತ್ತು ಮಾಡಿದ್ದ ಹೊತ್ತಿಗಿಂತ 4 ಸೆಕೆಂಡ್ ತಡವಾಗಿ. ರಾಕೆಟ್‌ನಲ್ಲಿ ದೋಷವೇನೂ ಇರಲಿಲ್ಲ. ಏರುವ ದಾರಿಯಲ್ಲಿ ಕಕ್ಷೆಯಲ್ಲಿರುವ ಯಾವುದೋ ವಸ್ತು ತೀರಾ ಹತ್ತಿರ ಬರಬಹುದು ಎಂದು ಲೆಕ್ಕ ತೋರಿಸಿತ್ತು, ಅಷ್ಟೇ. 4 ಸೆಕೆಂಡ್ ಏನು ಮಹಾ ಅನ್ನಬೇಡಿ. ಭೂಮಿಯ ಹತ್ತಿರದ ಕಕ್ಷೆಯಲ್ಲಿ ಎಲ್ಲವೂ ಸೆಕೆಂಡಿಗೆ ಸುಮಾರು ಏಳೂವರೆ ಕಿ.ಮೀ. ವೇಗದಲ್ಲಿ ಓಡುತ್ತಿರುತ್ತವೆ. ಅಷ್ಟರೊಳಗೆ ಆ ವಸ್ತು 30 ಕಿ.ಮೀ. ದಾಟಿ ಹೋಗಿರುತ್ತದೆ.

ಈ ಕಸ ಬಂದಿದ್ದು ಎಲ್ಲಿಂದ? ಉಪಗ್ರಹಗಳು ಒಂದಕ್ಕೊಂದು ಗುದ್ದಿಕೊಂಡು ಪುಡಿಯಾಗುವ ಚಿತ್ರವೇ ನಮ್ಮ ಕಣ್ಣಮುಂದೆ ಬರುತ್ತದೆ. ನಿಜ ಹೇಳಬೇಕೆಂದರೆ ಅಂಥ ಡಿಕ್ಕಿಗಳು ತೀರಾ ಕಮ್ಮಿ. ಜಾಸ್ತಿ ಸಲ ಆಗಿರುವುದು ಸ್ಫೋಟ. ಅದಕ್ಕೆ ಕಾರಣವೂ ಬಹಳ ಸಾಧಾರಣ: ಕೆಲಸ ಮುಗಿಸಿದ ರಾಕೆಟ್‌ನಲ್ಲಿ ಉಳಿದ ಇಂಧನ.

ಮೊದಲ ಪಾಠ ಬೇಗನೇ ಸಿಕ್ಕಿತ್ತು. 1961ರ ಜೂನ್ 29ರಂದು ಅಮೆರಿಕದ ಟ್ರಾನ್ಸಿಟ್-4ಎ ಉಪಗ್ರಹವನ್ನು ಕಕ್ಷೆಗೆ ಬಿಟ್ಟ ಸ್ವಲ್ಪ ಹೊತ್ತಿಗೆ ಅದನ್ನು ಹೊತ್ತೊಯ್ದಿದ್ದ ರಾಕೆಟ್‌ನ ಏಬಲ್‌ಸ್ಟಾರ್ ಎಂಬ ಮೇಲಿನ ಹಂತ ಸಿಡಿಯಿತು. ಸುಮಾರು 300 ಚೂರುಗಳಾದವು. ಬಾಹ್ಯಾಕಾಶ ಯುಗಕ್ಕೆ ಆಗಿನ್ನೂ ನಾಲ್ಕು ವರ್ಷವೂ ತುಂಬಿರಲಿಲ್ಲ. ಒಂದೇ ಒಂದು ಸ್ಫೋಟ, ಅಷ್ಟು ವರ್ಷಗಳಲ್ಲಿ ಕಕ್ಷೆ ಸೇರಿದ್ದೆಲ್ಲಕ್ಕಿಂತ ಜಾಸ್ತಿ ವಸ್ತುಗಳನ್ನು ಸೇರಿಸಿಬಿಟ್ಟಿತು.

ಆದರೂ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಆಕಾಶ ಅಷ್ಟು ದೊಡ್ಡದು, ಅಲ್ವಾ? 1963ರಲ್ಲಿ ಅಮೆರಿಕದ ಸೇನೆಯ ಒಂದು ಯೋಜನೆ ಬೇಕೆಂತಲೇ ಕೋಟಿಗಟ್ಟಲೆ ತಾಮ್ರದ ಸೂಜಿಗಳನ್ನು ಕಕ್ಷೆಗೆ ಚೆಲ್ಲಿತು. ಒಂದೊಂದೂ ಎರಡು ಸೆಂಟಿಮೀಟರಿಗಿಂತ ಚಿಕ್ಕದು. ರೇಡಿಯೊ ಸಂಕೇತಗಳನ್ನು ಅವುಗಳಿಂದ ಪ್ರತಿಫಲಿಸುವುದು ಉದ್ದೇಶ. ಖಗೋಳ ವಿಜ್ಞಾನಿಗಳು ಜೋರಾಗಿ ವಿರೋಧಿಸಿದರು. ಸೂಜಿಗಳಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಕೆಳಗಿಳಿದವು. ಬಿಡಿಯಾಗದೆ ಅಂಟಿಕೊಂಡ ಕೆಲವು ಗೊಂಚಲುಗಳು ಇಂದಿಗೂ ಮೇಲೆಯೇ ಇವೆ.

ಇಳಿಯುವುದು, ಇಳಿಯದಿರುವುದು ಎತ್ತರದ ಮೇಲೆ ನಿಂತಿದೆ. 400 ಕಿ.ಮೀ. ಎತ್ತರದಲ್ಲೂ ಚೂರುಪಾರು ಗಾಳಿ ಇರುತ್ತದೆ. ಅದು ವಸ್ತುವಿನ ವೇಗ ತಗ್ಗಿಸಿ ಕೆಲವು ವರ್ಷಗಳೊಳಗೆ ಕೆಳಗೆ ಎಳೆದು ಸುಟ್ಟುಹಾಕುತ್ತದೆ. 800 ಕಿ.ಮೀ. ದಾಟಿದರೆ ಶತಮಾನಗಳೇ ಬೇಕು. 1958ರ ಮಾರ್ಚ್‌ನಲ್ಲಿ ಹಾರಿಸಿದ ವ್ಯಾನ್‌ಗಾರ್ಡ್-1 ಒಂದೂವರೆ ಕಿಲೋ ತೂಕದ ಪುಟ್ಟ ಗೋಳ. 1964ರಲ್ಲೇ ಮೌನವಾದ ಅದು ಇನ್ನೂ ಸುತ್ತುತ್ತಿದೆ.

1970ರ ದಶಕದಲ್ಲಿ ಅಮೆರಿಕದ ಡೆಲ್ಟಾ ರಾಕೆಟ್‌ಗಳ ಎರಡನೇ ಹಂತಗಳು ಒಂದಾದ ಮೇಲೊಂದು ಸಿಡಿಯತೊಡಗಿದವು. ಕೆಲವಂತೂ ಹಾರಿಸಿ ವರ್ಷಗಳಾದ ಮೇಲೆ ಸಿಡಿದವು. ಆಗಿದ್ದು ಹೀಗೆ. ಈ ಹಂತಗಳಲ್ಲಿ ಇಂಧನ ಮತ್ತು ಅದನ್ನು ಉರಿಸುವ ದ್ರವ ಬೇರೆಬೇರೆ ಟ್ಯಾಂಕ್‌ಗಳಲ್ಲಿರುತ್ತವೆ. ಎರಡೂ ಸೇರಿದರೆ ಕಿಡಿಯೇ ಬೇಡ, ತಾವಾಗಿ ಹೊತ್ತಿಕೊಳ್ಳುತ್ತವೆ. ಕಕ್ಷೆಯಲ್ಲಿ ಒಂದು ಸುತ್ತಿನೊಳಗೆ ಸುಡುಬಿಸಿಲೂ ಬರುತ್ತದೆ, ಕೊರೆಯುವ ಕತ್ತಲೂ ಬರುತ್ತದೆ. ಹಿಗ್ಗಿ ಕುಗ್ಗಿ, ಒಳಗೆ ಒತ್ತಡ ಏರಿ, ಒಂದು ದಿನ ನಡುವಿನ ಗೋಡೆ ಬಿರಿಯುತ್ತದೆ. ಪರಿಹಾರ ಮಾತ್ರ ಅಗ್ಗದ್ದು. ಉಪಗ್ರಹ ಬಿಟ್ಟ ಮೇಲೆ ಉಳಿದ ಇಂಧನ ಉರಿಸಿ ಮುಗಿಸಿಬಿಡಿ, ಇಲ್ಲವೇ ಹೊರಗೆ ಬಿಟ್ಟು ಟ್ಯಾಂಕ್ ಖಾಲಿ ಮಾಡಿ. ಅಮೆರಿಕ 1980ರ ದಶಕದ ಆರಂಭದಲ್ಲಿ ಇದನ್ನು ಶುರುಮಾಡಿತು.

ಉಳಿದವರು ಅದನ್ನು ನೋಡಿ ಕಲಿಯಬಹುದಿತ್ತು. ಕಲಿಯಲಿಲ್ಲ. ಯುರೋಪಿನ ಏರಿಯಾನ್ ರಾಕೆಟ್‌ನ ಒಂದು ಹಂತ 1986ರಲ್ಲಿ ಸಿಡಿಯಿತು. ಅದರದೇ ಒಂದು ಚೂರು ಹತ್ತು ವರ್ಷ ಸುತ್ತಿ 1996ರಲ್ಲಿ ಫ್ರಾನ್ಸಿನ ಸೆರಿಸ್ ಎಂಬ ಉಪಗ್ರಹಕ್ಕೆ ಬಡಿದು, ಅದರ ಉದ್ದನೆಯ ಕಂಬವನ್ನು ಕತ್ತರಿಸಿತು. ನಮ್ಮ ಸರದಿ ಬಂದಿದ್ದು 2001ರಲ್ಲಿ. ಆ ಅಕ್ಟೋಬರ್‌ನಲ್ಲಿ ಪಿಎಸ್‌ಎಲ್‌ವಿ-ಸಿ3 ಮೂರು ಉಪಗ್ರಹಗಳನ್ನು ಸರಿಯಾಗಿಯೇ ಕಕ್ಷೆಗೆ ಸೇರಿಸಿತ್ತು. ಡಿಸೆಂಬರ್ 19ರಂದು ಅದರ ನಾಲ್ಕನೇ ಹಂತ ಮೇಲೆಯೇ ಸಿಡಿದು 300ಕ್ಕೂ ಜಾಸ್ತಿ ಚೂರುಗಳಾದವು. ಮುಂದಿನ ಪಿಎಸ್‌ಎಲ್‌ವಿ-ಸಿ4ರಿಂದಲೇ ಇಸ್ರೋ ಟ್ಯಾಂಕ್ ಖಾಲಿ ಮಾಡುವ ಪದ್ಧತಿ ತಂದಿತು. ಅವರಿವರ ತಪ್ಪು ಎಣಿಸುವಾಗ ನಮ್ಮದೂ ಲೆಕ್ಕದಲ್ಲಿರಲಿ.

ಇಷ್ಟರೊಳಗೆ ಎಚ್ಚರಿಕೆಯ ಮಾತು ಬಂದಾಗಿತ್ತು. ನಾಸಾದ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್-ಪಲೈ 1978ರಲ್ಲೇ ಬರೆದಿದ್ದರು: ಕಸ ಒಂದು ಮಿತಿ ದಾಟಿದರೆ ಚೂರು ಚೂರಿಗೆ ಬಡಿದು ಮತ್ತಷ್ಟು ಚೂರು ಹುಟ್ಟಿಸುತ್ತಾ ಹೋಗುತ್ತದೆ. ಹೊಸದಾಗಿ ಏನನ್ನೂ ಹಾರಿಸದಿದ್ದರೂ ನಿಲ್ಲದು. ಆಗ ಜನರ ಭಯ ಮಾತ್ರ ಬೇರೆಯೇ ಇತ್ತು. 1979ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ತಲೆ ಮೇಲೆ ಬೀಳುತ್ತದೆ ಎಂದು ನಮ್ಮ ದೇಶದಲ್ಲೂ ಗಾಬರಿಯಾಗಿತ್ತು. ಅದು ಬಿದ್ದಿದ್ದು ಹಿಂದೂ ಮಹಾಸಾಗರದಲ್ಲಿ ಮತ್ತು ಪಶ್ಚಿಮ ಆಸ್ಟ್ರೇಲಿಯಾದಲ್ಲಿ. ಅದೇ ಪಶ್ಚಿಮ ಆಸ್ಟ್ರೇಲಿಯಾದ ಕಡಲತೀರದಲ್ಲಿ 2023ರಲ್ಲಿ ಸಿಕ್ಕ ದೊಡ್ಡ ಸಿಲಿಂಡರ್ ನಮ್ಮ ಪಿಎಸ್‌ಎಲ್‌ವಿಯದು! ಆದರೆ ಬೀಳುವುದಕ್ಕಿಂತ ಬೀಳದೇ ಉಳಿಯುವುದೇ ದೊಡ್ಡ ತೊಂದರೆ.

ಅದನ್ನು ಜಗತ್ತಿಗೆ ಮನದಟ್ಟು ಮಾಡಿದ್ದು ಎರಡು ಘಟನೆ. 2007ರ ಜನವರಿಯಲ್ಲಿ ಚೀನಾ ತನ್ನದೇ ಹಳೆಯ ಹವಾಮಾನ ಉಪಗ್ರಹ ಫೆಂಗ್‌ಯುನ್-1ಸಿಯನ್ನು ಸುಮಾರು 850 ಕಿ.ಮೀ. ಎತ್ತರದಲ್ಲಿ ಕ್ಷಿಪಣಿಯಿಂದ ಒಡೆಯಿತು. ರಡಾರ್‌ಗೆ ಸಿಗುವಂಥ ಚೂರುಗಳೇ 3,000 ದಾಟಿದವು. 2009ರ ಫೆಬ್ರವರಿ 10ರಂದು ಇನ್ನೂ ಕೆಲಸ ಮಾಡುತ್ತಿದ್ದ ಅಮೆರಿಕದ ಸಂಪರ್ಕ ಉಪಗ್ರಹ ಇರಿಡಿಯಂ-33ಕ್ಕೆ ಸೈಬೀರಿಯಾದ ಮೇಲೆ ರಷ್ಯಾದ ಸತ್ತ ಉಪಗ್ರಹ ಕಾಸ್ಮೋಸ್-2251 ಡಿಕ್ಕಿ ಹೊಡೆಯಿತು. ಇಡೀ ಉಪಗ್ರಹಗಳೆರಡು ಹೀಗೆ ಅಕಸ್ಮಾತ್ತಾಗಿ ಗುದ್ದಿಕೊಂಡಿದ್ದು ಅದೇ ಮೊದಲು.

ಭಾರತ 2019ರ ಮಾರ್ಚ್‌ನಲ್ಲಿ ತನ್ನದೇ ಉಪಗ್ರಹವನ್ನು ಕ್ಷಿಪಣಿಯಿಂದ ಒಡೆಯುವ ಮಿಷನ್ ಶಕ್ತಿ ಪರೀಕ್ಷೆ ನಡೆಸಿದಾಗ ಬೇಕೆಂತಲೇ 300 ಕಿ.ಮೀ. ಆಸುಪಾಸಿನ ಕೆಳ ಕಕ್ಷೆ ಆರಿಸಿಕೊಂಡಿತು. ಚೂರುಗಳು 45 ದಿನಗಳಲ್ಲಿ ಬೀಳುತ್ತವೆ ಎಂದು ಹೇಳಲಾಯಿತು. ಹೆಚ್ಚಿನವು ಬೇಗ ಬಿದ್ದವು, ಹೌದು. ಹೊಡೆತಕ್ಕೆ ಮೇಲಕ್ಕೆ ಚಿಮ್ಮಿದ ಕೆಲವು ಮಾತ್ರ ವರ್ಷ ಕಳೆದರೂ ಸುತ್ತುತ್ತಲೇ ಇದ್ದವು. 2021ರ ನವೆಂಬರ್‌ನಲ್ಲಿ ರಷ್ಯಾ ಇಂಥದೇ ಪರೀಕ್ಷೆ ಮಾಡಿದಾಗ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಸಿಬ್ಬಂದಿ ತಮ್ಮ ನೌಕೆಗಳೊಳಗೆ ಸೇರಿಕೊಂಡು ಕೂರಬೇಕಾಯಿತು. ಅದರಲ್ಲಿ ರಷ್ಯಾದವರೂ ಇದ್ದರು.

ಇಸ್ರೋ 2022ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಇದಕ್ಕೆಂದೇ ಒಂದು ಕೇಂದ್ರ ತೆರೆಯಿತು. ನಮ್ಮ ಉಪಗ್ರಹಗಳ ಹತ್ತಿರ ಏನು ಬರುತ್ತಿದೆ, ಯಾವಾಗ ಸರಿಯಬೇಕು ಎಂದು ನೋಡುವುದು ಅಲ್ಲಿನವರ ಕೆಲಸ. ಇಸ್ರೋ ಕೆಲಸಗಳಲ್ಲಿ ನನಗೆ ತುಂಬಾ ಹಿಡಿಸಿದ್ದು 2023ರ ಮಾರ್ಚ್ 7ರದು. ಫ್ರಾನ್ಸ್ ಜೊತೆ ಸೇರಿ 2011ರಲ್ಲಿ ಹಾರಿಸಿದ್ದ ಮೇಘಾ-ಟ್ರಾಪಿಕ್ಸ್ ಉಪಗ್ರಹದ ತೂಕ ಸುಮಾರು ಒಂದು ಟನ್. ಬೇಕಾದ ಜಾಗದಲ್ಲಿ ಕೆಡವಲು ಅದನ್ನು ರೂಪಿಸಿರಲೇ ಇಲ್ಲ. ಸುಮ್ನೆ ಬಿಟ್ಟಿದ್ದರೆ ನೂರು ವರ್ಷಕ್ಕೂ ಜಾಸ್ತಿ ಸುತ್ತುತ್ತಿತ್ತು. ಆದರೆ ಟ್ಯಾಂಕಿನಲ್ಲಿ ಸುಮಾರು 125 ಕಿಲೋ ಇಂಧನ ಉಳಿದಿತ್ತು. ಅದನ್ನೇ ಉರಿಸಿ, ಹಂತಹಂತವಾಗಿ ಕೆಳಗಿಳಿಸಿ, ಪೆಸಿಫಿಕ್ ಸಾಗರದ ಮೇಲೆ ಕೆಡವಿದರು.

ಹೀಗೆ ತಮ್ಮ ಕಸ ತಾವು ತೆಗೆಯಬಹುದು. ಬೇರೆಯವರದ್ದನ್ನು ತೆಗೆಯಲು ಕಾನೂನೇ ಅಡ್ಡಿ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ವಸ್ತು ಸತ್ತರೂ, ಚೂರಾದರೂ ಅದರ ಮೇಲಿನ ಹಕ್ಕು ಹೋಗುವುದಿಲ್ಲ. ತಜ್ಞರು ಹೆದರುವ ಪಟ್ಟಿಯ ಮೇಲ್ತುದಿಯಲ್ಲಿ ಸೋವಿಯತ್ ಕಾಲದಿಂದ ಹಾರಿಸುತ್ತಾ ಬಂದ ಝೆನಿಟ್ ರಾಕೆಟ್‌ನ ಹಂತಗಳಿವೆ. ಒಂದೊಂದೂ ಸುಮಾರು 9 ಟನ್, ಸುತ್ತುತ್ತಿರುವುದು 800 ಕಿ.ಮೀ.ಗಿಂತ ಮೇಲೆ. ಅವುಗಳನ್ನು ಕೆಳಗಿಳಿಸುವ ಯಂತ್ರವನ್ನು ಯಾರಾದರೂ ನಾಳೆಯೇ ಮಾಡಿದರೂ ಮೊದಲು ಮಾಸ್ಕೋದ ಒಪ್ಪಿಗೆ ಪಡೆಯಬೇಕು. ಅವುಗಳನ್ನು ಇಳಿಸುವ ಖರ್ಚು ಕೊಡಲು ಸದ್ಯಕ್ಕೆ ಯಾವ ದೇಶವೂ ಮುಂದೆ ಬಂದಿಲ್ಲ.