ಅಮೆರಿಕದ ಹೊಲ ಕುಗ್ಗಿತು, ನಮ್ಮದು ಹಿಗ್ಗಲಿಲ್ಲ

ಅಮೆರಿಕದ ಒಕ್ಕಲುತನದ ಮಾತು ಬಂದರೆ ಕಲಬುರಗಿ ಕಡೆ ಉತ್ತರ ಒಂದೇ: "ಅವ್ರ ಕಡಿ ಹೊಲ ಭಾಳ ಅದ ಬಿಡ್ರೀ." ಹಾಗನ್ನಿಸುವುದು ಸಹಜ. ಆ ದೇಶ ಭಾರತಕ್ಕಿಂತ ಮೂರು ಪಟ್ಟು ದೊಡ್ಡದು. ಆದರೆ ಉಳುವ ಭೂಮಿಯ ಲೆಕ್ಕವೇ ಬೇರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂಕಿಅಂಶದಲ್ಲಿ 1961ಕ್ಕೆ ಅಮೆರಿಕದ ಸಾಗುವಳಿ ಭೂಮಿ ಸುಮಾರು 18 ಕೋಟಿ ಹೆಕ್ಟೇರ್, ಭಾರತದ್ದು ಸುಮಾರು 15.6 ಕೋಟಿ. ಈಗ ಎರಡೂ 15.5 ಕೋಟಿಯ ಆಸುಪಾಸಿನಲ್ಲಿವೆ. ನಾವು ಓಡಿ ಅವರನ್ನು ಹಿಡಿಯಲಿಲ್ಲ. ನಿಂತಲ್ಲೇ ಇದ್ದೆವು, ಅವರೇ ಹಿಂದೆ ಬಂದರು.

ಯಾಕೆ? ಒಂದು ದೊಡ್ಡ ಕಾರಣ, ಬಿತ್ತಬೇಡಿ ಅಂತ ಅಲ್ಲಿನ ಸರ್ಕಾರವೇ ರೈತರಿಗೆ ದುಡ್ಡು ಕೊಟ್ಟಿದ್ದು. ಇದು ಶುರುವಾದದ್ದು 1933ರಲ್ಲಿ, ಫಸಲು ಜಾಸ್ತಿಯಾಗಿ ಬೆಲೆ ಪಾತಾಳಕ್ಕೆ ಇಳಿದಿದ್ದಾಗ. ಅದೇ ದಶಕದಲ್ಲಿ ಬರ ಬಿತ್ತು. ಹುಲ್ಲುಗಾವಲು ಮುರಿದು ಗೋಧಿ ಬಿತ್ತಿದ್ದ ನೆಲ ಧೂಳಾಗಿ ಹಾರಿಹೋಯಿತು. ಆದರೆ 1972ರಲ್ಲಿ ಸೋವಿಯತ್ ಒಕ್ಕೂಟ ರಾಶಿ ರಾಶಿ ಗೋಧಿ ಕೊಂಡಾಗ ಈ ನೆನಪೆಲ್ಲ ಹಾರಿಹೋಯಿತು. ಅಮೆರಿಕದ ಕೃಷಿ ಕಾರ್ಯದರ್ಶಿ, ಅಂದರೆ ಅಲ್ಲಿನ ಕೃಷಿ ಮಂತ್ರಿ, ಅರ್ಲ್ ಬಟ್ಜ್, ಈ ಬೇಲಿಯಿಂದ ಆ ಬೇಲಿವರೆಗೂ ಬಿತ್ತಿ ಎಂದರು. ರೈತರು ಸಾಲ ಮಾಡಿ ಬಿತ್ತಿದರು. 1980ರ ದಶಕದಲ್ಲಿ ಬೆಲೆ ಬಿತ್ತು, ಸಾಲ ಉಳಿಯಿತು. ಈ ಕಥೆ ನಮಗೇನು ಹೊಸದಲ್ಲ, ಅಲ್ವಾ?

1985ರಲ್ಲಿ ಹೊಸ ಕಾಯ್ದೆ ಬಂತು. ಮಣ್ಣು ಕೊಚ್ಚಿಹೋಗುವ ಜಮೀನನ್ನು 10ರಿಂದ 15 ವರ್ಷ ಉಳದೆ, ಹುಲ್ಲು ಅಥವಾ ಮರ ಬೆಳೆಸಿದರೆ ಸರ್ಕಾರ ವರ್ಷಾ ವರ್ಷ ಬಾಡಿಗೆ ಕೊಡುತ್ತದೆ. 2007ರ ಹೊತ್ತಿಗೆ 3.6 ಕೋಟಿ ಎಕರೆಗಿಂತ ಜಾಸ್ತಿ ಭೂಮಿ ಹೀಗೆ ಸುಮ್ನೆ ಮಲಗಿತ್ತು. ಆಮೇಲೆ ಎಥನಾಲ್‌ಗಾಗಿ ಮೆಕ್ಕೆಜೋಳದ ಬೆಲೆ ಏರಿತು, ಅದರಲ್ಲಿ ಒಂದಷ್ಟು ಮತ್ತೆ ನೇಗಿಲಿಗೆ ಬಂತು.

ನಮ್ಮಲ್ಲಿ 1950–51ರಲ್ಲಿ ನಿಜವಾಗಿ ಬಿತ್ತಿದ ಭೂಮಿ, ಅಂದರೆ ಆ ವರ್ಷ ಬೀಳು ಬಿಟ್ಟದ್ದನ್ನು ಸೇರಿಸದೆ, 11.9 ಕೋಟಿ ಹೆಕ್ಟೇರ್. ಪಾಳು ಒಡೆದು, ಕಾಡು ಕಡಿದು 1970ರ ಹೊತ್ತಿಗೆ 14 ಕೋಟಿಗೆ ಬಂತು. ಅಲ್ಲಿಂದ ಇಲ್ಲಿವರೆಗೆ ಅಷ್ಟೇ. ಹಾಗಾದರೆ ಬೆಳೆ ಹೆಚ್ಚಿದ್ದು ಹೇಗೆ? ತಳಿ, ಗೊಬ್ಬರ ಒಂದು ಕಡೆ. ಒಂದೇ ಹೊಲಕ್ಕೆ ಎರಡು ಸಲ ಬಿತ್ತಿದ್ದು ಇನ್ನೊಂದು ಕಡೆ. ಎರಡು ಸಲ ಬಿತ್ತಿದ್ದನ್ನು ಎರಡಾಗಿ ಎಣಿಸಿದರೆ, 1950–51ರ 13.2 ಕೋಟಿ ಹೆಕ್ಟೇರ್ ಈಗ 21 ಕೋಟಿ ದಾಟಿದೆ.

ಇದು ನಮ್ಮ ಎರೆಹೊಲದಲ್ಲೇ ಕಾಣುತ್ತದೆ. ಆಳ ಎರೆಯನ್ನು ಮುಂಗಾರಿನಲ್ಲಿ ಬಿತ್ತದೆ ಬಿಡುವುದು ಹಳೆಯ ರೂಢಿ. ಮಳೆ ಬಂದಾಗ ಕುಂಟೆ ಹೊಡೆದು ಹರಗಿ, ನೀರೆಲ್ಲ ಮಣ್ಣಿಗೆ ಕುಡಿಸಿ, ಹಿಂಗಾರಿಗೆ ಬಿಳಿಜೋಳ ಹಾಕುತ್ತಿದ್ದರು. ಹೆಸರುಕಾಳಿನ ಬೆಳೆ 65–70 ದಿನಕ್ಕೆ ಕೈಗೆ ಬರುತ್ತದೆ. ಅದನ್ನು ಮುಂಗಾರಿಗೆ ಹಾಕಿ, ಕಿತ್ತ ಮೇಲೆ ಜೋಳವನ್ನೋ ಕಡಲೆಯನ್ನೋ ಬಿತ್ತಿದರೆ ಅದೇ ಎಕರೆ ಲೆಕ್ಕದಲ್ಲಿ ಎರಡಾಗುತ್ತದೆ. ಬೀದರಿನಲ್ಲಿ ಸೋಯಾ ತೆಗೆದು ಕಡಲೆ ಹಾಕಿದರೂ ಹಾಗೇ. ತೊಗರಿ ಮಾತ್ರ ಜೂನ್‌ನಿಂದ ಡಿಸೆಂಬರ್‌ವರೆಗೆ ಹೊಲ ಬಿಡುವುದಿಲ್ಲ. ಹಾಗಾಗಿ ತೊಗರಿಯ ಎಕರೆ ಒಂದೇ.

ಅಮೆರಿಕದಂತೆ ನಮ್ಮ ರೈತರೂ ಭೂಮಿಗೆ ವಿಶ್ರಾಂತಿ ಕೊಡಲಿ ಎನ್ನುವವರಿದ್ದಾರೆ. ಅವರು ಹಿಡುವಳಿ ನೋಡಬೇಕು. ಅಲ್ಲಿ ಸರಾಸರಿ 460 ಎಕರೆ. ಇಲ್ಲಿ 2015–16ರ ಕೃಷಿ ಗಣತಿ ಪ್ರಕಾರ 1.08 ಹೆಕ್ಟೇರ್, ಅಂದರೆ 2 ಎಕರೆ 27 ಗುಂಟೆ. ಅದರಲ್ಲಿ ಬೀಳು ಬಿಡಲು ಯಾವ ಮೂಲೆ ಇದೆ?

ಇದ್ದದ್ದೂ ಹೋಗುತ್ತಿದೆ. ಊರ ಪಕ್ಕದ ಒಳ್ಳೆ ಎರೆ ಎನ್‌ಎ (ಕೃಷಿಯೇತರ ಭೂಮಿ) ಆಗಿ ಪ್ಲಾಟಾಗುತ್ತದೆ. ಬೇರೆಲ್ಲೋ ಕಲ್ಲುಗುಡ್ಡದ ಅಂಚು ಹೊಲವಾಗುತ್ತದೆ. ಹೆಕ್ಟೇರ್ ಲೆಕ್ಕದಲ್ಲಿ ಎರಡೂ ಸರಿಸಮ. ಜೋಳದ ರಾಶಿ ಮಾತ್ರ ಸಮ ಬರುವುದಿಲ್ಲ.