ಅಟ್ಟದಿಂದ ಇಳಿದ ಡಿಜಿಟಲ್ ಕ್ಯಾಮೆರಾಗಳು

ನಿಮ್ಮ ಮೊಬೈಲನ್ನು ಕಂಪ್ಯೂಟರಿಗೆ ಜೋಡಿಸಿ ಒಳಗೆ ಇಣುಕಿದರೆ ‘ಡಿಸಿಐಎಂ’ ಎಂಬ ಫೋಲ್ಡರ್ ಕಾಣುತ್ತದೆ. ತೆಗೆದ ಫೋಟೊಗಳೆಲ್ಲ ಹೋಗಿ ಕೂರುವುದು ಅಲ್ಲೇ. ಡಿಜಿಟಲ್ ಕ್ಯಾಮೆರಾ ಇಮೇಜಸ್ ಎಂಬುದರ ಮೊಟಕು ರೂಪ ಅದು. ಒಂದು ಕಂಪನಿಯ ಕ್ಯಾಮೆರಾದ ಕಾರ್ಡನ್ನು ಇನ್ನೊಂದು ಕಂಪನಿಯ ಕ್ಯಾಮೆರಾವೂ ಓದುವಂತಾಗಲಿ ಎಂದು ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ದಿಮೆಗಳ ಸಂಘ 1998ರಲ್ಲಿ ರೂಪಿಸಿದ ನಿಯಮಾವಳಿಯಿಂದ ಬಂದ ಹೆಸರು. ಯಾವ ಕ್ಯಾಮೆರಾಗಳಿಗಾಗಿ ಆ ನಿಯಮ ಹುಟ್ಟಿತೋ ಅವುಗಳಲ್ಲಿ ಬಹುಪಾಲು ಗುಜರಿ ಸೇರಿವೆ. ಹೆಸರು ಮಾತ್ರ ನಮ್ಮೆಲ್ಲರ ಜೇಬಿನಲ್ಲಿ ಉಳಿದಿದೆ.

ಗುಜರಿ ಸೇರದೆ ಉಳಿದ ಕ್ಯಾಮೆರಾಗಳನ್ನು ಈಗ ಜನ ಹುಡುಕುತ್ತಿದ್ದಾರೆ. ಕಳೆದ ನಾಲ್ಕೈದು ವರ್ಷಗಳಿಂದ ಅಮೆರಿಕ, ಚೀನಾ, ಕೊರಿಯಾಗಳಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ತಮಗಿಂತ ಹಳೆಯದಾದ ಪಾಕೆಟ್ ಕ್ಯಾಮೆರಾ ಹಿಡಿದು ಓಡಾಡುತ್ತಿದ್ದಾರೆ. ಚೀನಾದಲ್ಲಿ ಇವುಗಳಿಗೆ ಒಳಗೆ ಬೆಳಕನ್ನು ಹಿಡಿಯುವ ಸಂವೇದಕದ ಹೆಸರೇ ಅಂಟಿಕೊಂಡಿದೆ: ಅಲ್ಲಿ ಇವು ‘ಸಿಸಿಡಿ’ಗಳು. ನಮ್ಮಲ್ಲೂ ಇನ್‌ಸ್ಟಾಗ್ರಾಮಿನಲ್ಲಿ ಇವನ್ನು ಒರೆಸಿ, ಸರಿಪಡಿಸಿ ಮಾರುವವರಿದ್ದಾರೆ. ಬೇಡಿಕೆ ಎಷ್ಟು ನಿಜವೆಂದರೆ, ಕೆನಾನ್ ಕಂಪನಿಯು 2016ರ ತನ್ನ ಪುಟ್ಟ ಕ್ಯಾಮೆರಾವೊಂದನ್ನು ಅಲ್ಪಸ್ವಲ್ಪ ಬದಲಿಸಿ 2025ರಲ್ಲಿ ಮತ್ತೆ ಅಂಗಡಿಗೆ ತಂದಿತು.

ಇದನ್ನು ಬರೀ ಹಳೆಯದರ ಮೋಹ ಎಂದು ತಳ್ಳಿಹಾಕಲು ನನ್ನಿಂದಾಗದು. ಅಜ್ಜನ ಕಾಲದ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾಕ್ಕೆ ಸೆಲ್ ಬೇಡ, ಕೇಬಲ್ ಬೇಡ. ಅದಕ್ಕೆ ಹಾಕುವ 120 ಅಳತೆಯ ರೀಲು ಇಂದಿಗೂ ತಯಾರಾಗುತ್ತದೆ. ಅದಕ್ಕಿಂತ ಮೂವತ್ತು ನಲವತ್ತು ವರ್ಷ ಚಿಕ್ಕದಾದ ಡಿಜಿಟಲ್ ಕ್ಯಾಮೆರಾ ಮಾತ್ರ ಬ್ಯಾಟರಿ, ಕಾರ್ಡು, ಕೇಬಲ್, ತಂತ್ರಾಂಶ ಇವುಗಳಲ್ಲಿ ಒಂದು ಇಲ್ಲದಿದ್ದರೂ ಕಲ್ಲಿನಂತೆ ಕೂರುತ್ತದೆ. ಛಾಯಾಗ್ರಹಣದ ಚರಿತ್ರೆಯಲ್ಲಿ ಇಷ್ಟು ಬೇಗ ಕಳೆದುಹೋಗುತ್ತಿರುವ ಅಧ್ಯಾಯ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಹಾಗಾಗಿಯೇ ಇವನ್ನು ಕೂಡಿಡುವವರ ಬಗ್ಗೆ ನನಗೆ ಗೌರವ.

ಕತೆಯ ಬೇರು 1969ರಲ್ಲಿದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿಯನ್ನು ರೂಪಿಸಿದರು. ನಲವತ್ತು ವರ್ಷಗಳ ನಂತರ, 2009ರಲ್ಲಿ, ಅದಕ್ಕಾಗಿ ಇಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಸಂದಿತು. ಅದು ಕೆಲಸ ಮಾಡುವ ಬಗೆ ತಿಳಿಯಲು ಮನೆಯ ತಾರಸಿಗೆ ಕಾಂಕ್ರೀಟ್ ಹಾಕುವ ದಿನವನ್ನು ನೆನೆದುಕೊಳ್ಳಿ. ಸಾಲಾಗಿ ನಿಂತವರು ಬಾಂಡಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಸಿಸಿಡಿಯೊಳಗೂ ಹಾಗೆಯೇ: ಬೆಳಕು ಬಿದ್ದಾಗ ಪ್ರತಿ ಚುಕ್ಕೆಯಲ್ಲೂ, ಅಂದರೆ ಪಿಕ್ಸೆಲಿನಲ್ಲೂ, ಒಂದಿಷ್ಟು ವಿದ್ಯುದಂಶ ತುಂಬಿಕೊಳ್ಳುತ್ತದೆ, ಅದು ಪಕ್ಕದ ಚುಕ್ಕೆಗೆ, ಅಲ್ಲಿಂದ ಮುಂದಿನದಕ್ಕೆ ದಾಟುತ್ತಾ ಸಾಲಿನ ಕೊನೆಗೆ ಬಂದು ಅಲ್ಲಿ ಅಳತೆಯಾಗುತ್ತದೆ. ಎಲ್ಲ ಚುಕ್ಕೆಗಳ ಲೆಕ್ಕವೂ ಒಂದೇ ಬಾಗಿಲಿನಿಂದ ಹೊರಬರಬೇಕು. ಆದ್ದರಿಂದ ನಿಧಾನ, ಆದ್ದರಿಂದಲೇ ವಿದ್ಯುತ್ತಿನ ಹಸಿವೂ ಹೆಚ್ಚು.

1975ರ ಡಿಸೆಂಬರಿನಲ್ಲಿ ರೋಚೆಸ್ಟರ್ ಊರಿನ ಕೊಡಕ್ ಕಂಪನಿಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ಯುವ ಎಂಜಿನಿಯರ್ ಇಂಥದೊಂದು ಸಿಸಿಡಿಗೆ ಸೂಪರ್ 8 ಸಿನಿಮಾ ಕ್ಯಾಮೆರಾದ ಮಸೂರ, ಹದಿನಾರು ಬ್ಯಾಟರಿ ಮತ್ತು ಒಂದು ಕ್ಯಾಸೆಟ್ ರೆಕಾರ್ಡರ್ ಜೋಡಿಸಿ ಕ್ಯಾಮೆರಾ ಮಾಡಿದರು. ತೂಕ ಮೂರೂವರೆ ಕಿಲೋಗೂ ಹೆಚ್ಚು. ನೂರು ಸಾಲು, ಸಾಲಿಗೆ ನೂರು ಚುಕ್ಕೆ. ಅಂದರೆ ಒಟ್ಟು ಹತ್ತು ಸಾವಿರ ಚುಕ್ಕೆಗಳ ಕಪ್ಪು ಬಿಳುಪು ಚಿತ್ರ. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡ್ ಬೇಕಿತ್ತು. ಹಾಡು ಕೇಳುತ್ತಿದ್ದ ಅದೇ ಬಗೆಯ ಕ್ಯಾಸೆಟ್! ಆ ಟೇಪಿನಿಂದ ಚಿತ್ರವನ್ನು ಹೆಕ್ಕಿ ಟಿ.ವಿ. ಪರದೆಗೆ ಕಳಿಸುವುದಕ್ಕೆ ಬೇರೆಯದೇ ಪೆಟ್ಟಿಗೆ.

ಅದೇ ಕೊಡಕ್‌ನಲ್ಲಿ ಬ್ರೈಸ್ ಬೇಯರ್ ಎಂಬವರು ಬಣ್ಣದ ಸಮಸ್ಯೆಯನ್ನು ಬಿಡಿಸುತ್ತಿದ್ದರು. ಸಂವೇದಕಕ್ಕೆ ಗೊತ್ತಿರುವುದು ಬೆಳಕಿನ ಹೆಚ್ಚು ಕಡಿಮೆ ಮಾತ್ರ. ಬಣ್ಣ ಅದಕ್ಕೆ ಗೊತ್ತಿಲ್ಲ. ಚುಕ್ಕೆಗಳ ಮೇಲೆ ಚದುರಂಗದ ಮಣೆಯಂತೆ, ತಮ್ಮ ಬಣ್ಣದ ಬೆಳಕನ್ನಷ್ಟೇ ಒಳಬಿಡುವ ಕೆಂಪು, ಹಸಿರು, ನೀಲಿ ಜರಡಿಗಳನ್ನು, ಹಸಿರಿಗೆ ಇಮ್ಮಡಿ ಪಾಲು ಕೊಟ್ಟು, ಹಾಸುವ ವಿನ್ಯಾಸಕ್ಕೆ ಬೇಯರ್ 1976ರಲ್ಲಿ ಪೇಟೆಂಟ್ ಪಡೆದರು. ಇಂದಿನ ಮೊಬೈಲುಗಳ ಸಂವೇದಕಗಳೂ ಆ ವಿನ್ಯಾಸದ ಸಂತಾನವೇ. ಮೊದಲ ಕ್ಯಾಮೆರಾ, ಬಣ್ಣದ ಕೀಲಿ ಎರಡೂ ಒಂದೇ ಸೂರಿನಡಿ ಹುಟ್ಟಿದವು. ಆದರೆ ಆ ಸೂರು ನಿಂತಿದ್ದದ್ದು ರೀಲು, ಕಾಗದ, ರಾಸಾಯನಿಕಗಳ ಮಾರಾಟದ ಮೇಲೆ. ಅನ್ನ ಕೊಡುತ್ತಿದ್ದ ವ್ಯಾಪಾರವನ್ನು ತಾನೇ ಕಡಿಯುವ ಧೈರ್ಯ ಕಂಪನಿಗೆ ಬರಲಿಲ್ಲ. 2012ರ ಜನವರಿಯಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು. ಈ ಇತಿಹಾಸದಲ್ಲಿ ನನಗೆ ಅತ್ಯಂತ ನೋವು ಕೊಡುವ ಸಂಗತಿ ಇದು.

ಸೋನಿಯ 1981ರ ಮಾವಿಕಾವನ್ನು ಮೊದಲ ಡಿಜಿಟಲ್ ಕ್ಯಾಮೆರಾ ಎಂದು ಅನೇಕ ಕಡೆ ಬರೆಯುತ್ತಾರೆ. ಅದು ಸರಿಯಲ್ಲ. ಅದು ಟಿ.ವಿ. ಸಂಕೇತದ ಒಂದು ನಿಶ್ಚಲ ಚೌಕಟ್ಟನ್ನು ಎರಡಿಂಚಿನ ಪುಟ್ಟ ಫ್ಲಾಪಿಯಲ್ಲಿ ಬರೆದಿಡುತ್ತಿತ್ತು. ಅಂಕಿಗಳ ಲೆಕ್ಕ ಅದರಲ್ಲಿ ಇರಲಿಲ್ಲ. ಚಿತ್ರವನ್ನು ಅಂಕಿಯಾಗಿಸಿ ಮೆಮೊರಿ ಕಾರ್ಡಿನಲ್ಲಿಡುವ, ಕೈಯಲ್ಲಿ ಹಿಡಿಯಬಹುದಾದ ಕ್ಯಾಮೆರಾವನ್ನು 1988ರಲ್ಲಿ ಫ್ಯೂಜಿ ತೋರಿಸಿತು. 1990ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಡೈಕ್ಯಾಮ್ 32 ಕಪ್ಪು ಬಿಳುಪು ಚಿತ್ರಗಳನ್ನು ಹಿಡಿಯುತ್ತಿತ್ತು, ಆದರೆ ಬ್ಯಾಟರಿ ಪೂರ್ತಿ ಇಳಿದರೆ ಚಿತ್ರಗಳೂ ಹೋದವೆಂದೇ ಲೆಕ್ಕ. ಮರು ವರ್ಷ ಕೊಡಕ್, ನಿಕಾನ್ ಎಫ್3 ಫಿಲ್ಮ್ ಕ್ಯಾಮೆರಾದ ಒಡಲಿಗೆ 13 ಲಕ್ಷ ಚುಕ್ಕೆಗಳ ಸಂವೇದಕ ಕೂರಿಸಿ ಪತ್ರಿಕಾ ಛಾಯಾಗ್ರಾಹಕರಿಗೆ ಮಾರಿತು. ಚಿತ್ರ ತುಂಬುವ ಹಾರ್ಡ್ ಡಿಸ್ಕ್ ಬೇರೆ ಪೆಟ್ಟಿಗೆಯಲ್ಲಿ ಹೆಗಲಿಗೆ ತೂಗುತ್ತಿತ್ತು. ಬೆಲೆ ಸುಮಾರು 20,000 ಡಾಲರ್. ಸುದ್ದಿಮನೆಗಳಿಗೆ ರೀಲು ತೊಳೆಯುವ ಹೊತ್ತು ಉಳಿದರೆ ಅದೇ ದೊಡ್ಡದು.

ಮನೆಬಳಕೆಯ ಕ್ಯಾಮೆರಾಗಳದ್ದು ಬೇರೆಯೇ ದಾರಿ. ಆಪಲ್ 1994ರಲ್ಲಿ ತಂದ ಕ್ವಿಕ್‌ಟೇಕ್ ನೋಡಲು ದುರ್ಬೀನಿನಂತಿತ್ತು. ಪೂರ್ಣ ಗುಣಮಟ್ಟದಲ್ಲಿ ಎಂಟೇ ಚಿತ್ರ. ತೆಗೆದದ್ದು ಹೇಗೆ ಬಂದಿದೆ ಎಂದು ಕ್ಯಾಮೆರಾದಲ್ಲೇ ನೋಡುವಂತಿಲ್ಲ. ಆ ಕೊರತೆಯನ್ನು ತುಂಬಿದ್ದು ಕ್ಯಾಸಿಯೊ. ಜೇಬಿನಲ್ಲಿಡುವ ಪುಟ್ಟ ಟಿ.ವಿ.ಗಳನ್ನು ಮಾಡಿ ಅನುಭವವಿದ್ದ ಈ ಕಂಪನಿ, 1995ರ ಕ್ಯೂವಿ-10 ಕ್ಯಾಮೆರಾದ ಬೆನ್ನಿಗೆ 1.8 ಇಂಚಿನ ಬಣ್ಣದ ಪರದೆ ಅಂಟಿಸಿತು. ಚಿತ್ರದ ಗುಣಮಟ್ಟ ಸಾಧಾರಣ, 320ಕ್ಕೆ 240 ಚುಕ್ಕೆ. ಆದರೂ ತೆಗೆದ ಫೋಟೊವನ್ನು ಆ ಕ್ಷಣವೇ ಪಕ್ಕದವರಿಗೆ ತೋರಿಸಿ ನಗುವ ಅಭ್ಯಾಸ ಮನೆಮಂದಿಗೆ ಹತ್ತಿದ್ದು ಇಲ್ಲಿಂದ. ಇಂದು ನಾವು ಫೋಟೊ ತೆಗೆದ ತಕ್ಷಣ ತಲೆ ತಗ್ಗಿಸಿ ಪರದೆ ನೋಡುತ್ತೇವಲ್ಲ, ಆ ಭಂಗಿಗೆ ಮೂವತ್ತು ವರ್ಷ.

ನನಗೆ ಅತ್ಯಂತ ಪ್ರಿಯವಾದದ್ದು 1997ರ ಫ್ಲಾಪಿ ಮಾವಿಕಾ. ಹಳೆಯ ಹೆಸರನ್ನೇ ಇಟ್ಟುಕೊಂಡು ಈ ಬಾರಿ ನಿಜವಾಗಿಯೂ ಡಿಜಿಟಲ್ ಆಗಿ ಬಂದ ಈ ಕ್ಯಾಮೆರಾಕ್ಕೆ ಕಂಪ್ಯೂಟರಿನ ಮಾಮೂಲಿ ಮೂರೂವರೆ ಇಂಚಿನ ಫ್ಲಾಪಿಯೇ ರೀಲು. ಕೇಬಲ್ ಇಲ್ಲ, ತಂತ್ರಾಂಶ ಇಲ್ಲ. ಫ್ಲಾಪಿ ತೆಗೆದು ಕಂಪ್ಯೂಟರಿಗೆ ತುರುಕಿದರೆ ಆಯಿತು. ಗೆಳೆಯರೊಬ್ಬರ ಸಂಗ್ರಹದಲ್ಲಿರುವ ಇಂಥದೊಂದನ್ನು ನಾನು ಕೈಯಾರೆ ಬಳಸಿದ್ದೇನೆ. ಇಟ್ಟಿಗೆಯಷ್ಟು ತೂಕ. ಗುಂಡಿ ಒತ್ತಿದ ಮೇಲೆ ಒಳಗಿನಿಂದ ಕರಕರ ಸದ್ದು ಬರುತ್ತದೆ, ಅಂಗೈಗೆ ಸಣ್ಣ ನಡುಕ ತಾಗುತ್ತದೆ, ಕೆಲವು ಸೆಕೆಂಡು ಕಾಯಬೇಕು. ಎದುರಿಗೆ ನಿಂತವರೂ ಅಲುಗಾಡದೆ ಕಾಯುತ್ತಾರೆ. ಫೋಟೊ ‘ಆಗುತ್ತಿದೆ’ ಎಂದು ಕಿವಿಗೂ ಕೈಗೂ ಗೊತ್ತಾಗುವ ಇಂಥ ಕ್ಯಾಮೆರಾ ಬೇರೊಂದನ್ನು ನಾನು ಕಂಡಿಲ್ಲ.

ಆಮೇಲೆ ಕಾರ್ಡುಗಳ ಜಾತ್ರೆ. ಕಾಂಪ್ಯಾಕ್ಟ್‌ಫ್ಲ್ಯಾಶ್, ಸ್ಮಾರ್ಟ್‌ಮೀಡಿಯಾ, ಮೆಮೊರಿ ಸ್ಟಿಕ್, ಎಸ್‌ಡಿ, 2002ರಲ್ಲಿ ಎಕ್ಸ್‌ಡಿ. ಒಂದು ಬಗೆಯ ಕಾರ್ಡು ಇನ್ನೊಂದು ಬಗೆಯ ಕಾರ್ಡಿನ ಕ್ಯಾಮೆರಾಕ್ಕೆ ಆಗದು. 1999ರ ನಿಕಾನ್ ಡಿ1 ಪತ್ರಿಕಾರಂಗದಿಂದ ರೀಲನ್ನು ಎಬ್ಬಿಸಿತು. 2003ರಲ್ಲಿ ಕೆನಾನ್ 300ಡಿ, ಮಸೂರ ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾವನ್ನು ಸಾವಿರ ಡಾಲರಿನೊಳಗೆ ಇಳಿಸಿತು. ನಮ್ಮ ಮದುವೆ ಛಾಯಾಗ್ರಾಹಕರು ರೀಲು ಬಿಟ್ಟು ಕಾರ್ಡು ಹಿಡಿದದ್ದು ಈ ಬಗೆಯ ಕ್ಯಾಮೆರಾಗಳ ಜೊತೆಗೇ. ಮೂವತ್ತಾರು ಫೋಟೊಗಳ ಲೆಕ್ಕ ಇಟ್ಟು ಕ್ಲಿಕ್ಕಿಸುತ್ತಿದ್ದ ಕೈಗಳು ಒಮ್ಮೆಲೇ ಸಾವಿರಕ್ಕೆ ಹಾರಿದವು.

ಇಳಿತವೂ ಅಷ್ಟೇ ವೇಗ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಕಾರ್ಖಾನೆಗಳಿಂದ ಹೊರಟ ಡಿಜಿಟಲ್ ಕ್ಯಾಮೆರಾಗಳು ಸುಮಾರು 12 ಕೋಟಿ. 2023ರಲ್ಲಿ 80 ಲಕ್ಷಕ್ಕೂ ಕಡಿಮೆ. ಮೊಬೈಲ್ ಬಂದು ನುಂಗಿತು. ಸಿಸಿಡಿಯೂ ಹಿಂದೆ ಸರಿಯಿತು. ಪ್ರತಿ ಚುಕ್ಕೆಯಲ್ಲೂ ತನ್ನದೇ ಅಳತೆಗಾರನನ್ನು ಇಟ್ಟುಕೊಂಡಿರುವ, ಕಡಿಮೆ ವಿದ್ಯುತ್ ಬಳಸುವ ಸಿಮಾಸ್ ಸಂವೇದಕ ಎಲ್ಲೆಡೆ ಆವರಿಸಿತು. ನಾಸಾದ ಪ್ರಯೋಗಾಲಯದಲ್ಲಿ ಎರಿಕ್ ಫಾಸಮ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಹದಗೊಳಿಸಿದ ತಂತ್ರ ಅದು.

ಈಗ ‘ಸಿಸಿಡಿಯ ಬಣ್ಣವೇ ಬೇರೆ’ ಎಂದು ಹಳೆಯ ಕ್ಯಾಮೆರಾ ಕೊಳ್ಳುವವರು ಹೇಳುತ್ತಾರೆ. ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸಿಸಿಡಿಗೂ ಸಿಮಾಸಿಗೂ ಬಣ್ಣ ಗೊತ್ತಿಲ್ಲ. ಬಣ್ಣ ಬರುವುದು ಮೇಲಿನ ಜರಡಿಯಿಂದ ಮತ್ತು ಒಳಗಿನ ಲೆಕ್ಕಾಚಾರದಿಂದ. ಆ ಕಾಲದ ಕ್ಯಾಮೆರಾಗಳು ಒಂದು ಸಲ ಬೆಳಕು ಹಿಡಿದು, ಒಂದಿಷ್ಟು ತಿದ್ದಿ ಬಿಟ್ಟುಬಿಡುತ್ತಿದ್ದವು. ಬಿಳಿ ಪಂಚೆ ಬಿಸಿಲಿನಲ್ಲಿ ಸುಟ್ಟು ಹೋದರೆ ಹೋಯಿತು, ಮೂಲೆ ಕತ್ತಲಾದರೆ ಕತ್ತಲೇ. ಇಂದಿನ ಮೊಬೈಲ್ ಒಂದು ಗುಂಡಿಗೆ ಹಲವು ಚಿತ್ರ ತೆಗೆದು, ಬೆರೆಸಿ, ಮುಖವನ್ನು ನಯಗೊಳಿಸಿ, ಕತ್ತಲನ್ನು ಎತ್ತಿ ಕೊಡುತ್ತದೆ. ಮೇಲಾಗಿ ಹಳೆಯ ಕ್ಯಾಮೆರಾದ ಕ್ಸೆನಾನ್ ಫ್ಲ್ಯಾಶ್ ಕ್ಷಣದ ಸಣ್ಣ ಚೂರಿನಲ್ಲಿ ಮಿಂಚಿ ಚಲನೆಯನ್ನೇ ತಡೆದು ನಿಲ್ಲಿಸುತ್ತದೆ. ಮೊಬೈಲಿನ ಎಲ್‌ಇಡಿ ದೀಪಕ್ಕೆ ಆ ಶಕ್ತಿಯಿಲ್ಲ. ಹೊಸಬರು ಮೆಚ್ಚುವ ಆ ‘ನೋಟ’ ಇವೆಲ್ಲ ಸೇರಿದ್ದು. ಕಾರಣವನ್ನು ತಪ್ಪಾಗಿ ಹೇಳಿದರೂ ಅವರ ಕಣ್ಣು ತಪ್ಪಿಲ್ಲ.

ಕೊಳ್ಳುವವರಿಗೆ ಒಂದೆರಡು ಮಾತು. ಎಸ್‌ಡಿ ಕಾರ್ಡಿನ ಹಳೆಯ ಕ್ಯಾಮೆರಾಗಳಲ್ಲಿ ಅನೇಕವು 2 ಜಿ.ಬಿ.ಗಿಂತ ದೊಡ್ಡ ಕಾರ್ಡನ್ನು ಗುರುತಿಸುವುದಿಲ್ಲ. ದೊಡ್ಡದನ್ನು ಹಾಕಿ ಕ್ಯಾಮೆರಾ ಕೆಟ್ಟಿದೆ ಎಂದು ಎಸೆದವರಿದ್ದಾರೆ. ಎಕ್ಸ್‌ಡಿ, ಸ್ಮಾರ್ಟ್‌ಮೀಡಿಯಾ ಬಗೆಯದಾದರೆ ಕಾರ್ಡು ಕೈಗೆ ಬಂದ ಮೇಲೆಯೇ ಹಣ ಕೊಡಿ, ಏಕೆಂದರೆ ಅವುಗಳ ತಯಾರಿಕೆ ನಿಂತಿದೆ. ಸಾಧ್ಯವಾದರೆ ಮಾಮೂಲಿ ಪೆನ್ ಸೆಲ್ ಹಾಕುವ ಮಾದರಿಯನ್ನೇ ಆರಿಸಿಕೊಳ್ಳಿ. ಫ್ಲ್ಯಾಶ್ ಇರುವ ಯಾವ ಕ್ಯಾಮೆರಾವನ್ನೂ ಮನೆಯಲ್ಲಿ ಬಿಚ್ಚಬೇಡಿ. ಸೆಲ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್ ನೂರಾರು ವೋಲ್ಟಿನ ಹೊಡೆತ ಕೊಡಬಲ್ಲದು. ನಮ್ಮ ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಶತ್ರು ತೇವ. ಮಸೂರದೊಳಗೆ ಜೇಡರ ಬಲೆಯಂತೆ ಹಬ್ಬುವ ಫಂಗಸ್ ಮಳೆಗಾಲದ ಅತಿಥಿ; ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಬೇಕು. 2005ರಲ್ಲಿ ಹಲವು ಕಂಪನಿಗಳು, ತಮ್ಮ ಕೆಲವು ಮಾದರಿಗಳ ಸಿಸಿಡಿಗಳು ಸೆಕೆ ಮತ್ತು ತೇವಕ್ಕೆ ಕೆಡುತ್ತಿವೆ ಎಂದು ಒಪ್ಪಿಕೊಂಡು ಉಚಿತ ದುರಸ್ತಿ ಘೋಷಿಸಿದ್ದವು. ನಾನು ಮೂರು ವರ್ಷದ ಹಿಂದೆ ಕೊಂಡ ಒಂದು ಕ್ಯಾಮೆರಾದ ಪರದೆಯಲ್ಲಿ ನೇರಳೆ ಗೆರೆಗಳು ತುಂಬಿಕೊಂಡಾಗ ಅದೇ ಕಾಯಿಲೆ ಎಂದು ಗೊತ್ತಾಯಿತು. ಮದ್ದಿಲ್ಲದ ಕಾಯಿಲೆ ಅದು. ಈಗ ಯಾರೂ ಸಿಸಿಡಿ ಬದಲಿಸಿ ಕೊಡುವುದಿಲ್ಲ.

ನನ್ನ ಸಂಗ್ರಹ ಶುರುವಾದದ್ದು ಊರಿನ ಮನೆಯ ಅಟ್ಟದಿಂದ. ಸೋದರಮಾವ 2001ರಲ್ಲಿ ಅಮೆರಿಕದಿಂದ ತಂದಿದ್ದ ಎರಡು ಮೆಗಾಪಿಕ್ಸೆಲಿನ ಕ್ಯಾಮೆರಾ, ಹಳೆಯ ಪಂಚಾಂಗಗಳ ಕಟ್ಟಿನ ಕೆಳಗಿತ್ತು. ಒಳಗೆ ಬಿಟ್ಟಿದ್ದ ನಾಲ್ಕು ಸೆಲ್ಲುಗಳು ಸೋರಿ, ತಾಮ್ರದ ಪಟ್ಟಿಗಳ ಮೇಲೆ ಬೂದುಹಸಿರು ಪುಡಿ ಕಟ್ಟಿತ್ತು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ನಿಂಬೆರಸದಲ್ಲಿ ಅದ್ದಿ, ಸಂಜೆಯೆಲ್ಲ ಕೂತು ಒರೆಸಿದೆ. ಮರುದಿನ ಹೊಸ ಸೆಲ್ ಹಾಕಿದಾಗ ಮಸೂರ ಮುಲುಗುತ್ತಾ ಹೊರಬಂತು. ಪರದೆಯ ಅರ್ಧ ಮಸುಕು. ಕಾರ್ಡು ಕಾಂಪ್ಯಾಕ್ಟ್‌ಫ್ಲ್ಯಾಶ್, 8 ಎಂ.ಬಿ.ಯದು, ಮನೆಯ ಯಾವ ಯಂತ್ರವೂ ಅದನ್ನು ಓದುವಂತಿರಲಿಲ್ಲ. ಪೇಟೆಯ ಸ್ಟುಡಿಯೊದವರು ತಮ್ಮ ಹಳೆಯ ಕಾರ್ಡ್ ರೀಡರ್ ಹುಡುಕಿ ಕೊಟ್ಟರು.

ಹನ್ನೊಂದು ಫೋಟೊ ಇದ್ದವು. ಏಳು ಮದುವೆಯ ಗುಂಪು, ಮೂರು ಕೈ ನಡುಗಿದವು. ಉಳಿದ ಒಂದರಲ್ಲಿ ಅಜ್ಜಿ ಜಗಲಿಯ ಮೇಲೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾಳೆ. ಫ್ಲ್ಯಾಶಿಗೆ ಅವಳ ಮೂಗುಬೊಟ್ಟು ಮಿಂಚಿದೆ, ಹಿಂದಿನ ಅಂಗಳ ಪೂರ್ತಿ ಕತ್ತಲು. ಅಜ್ಜಿ ಕೆಲಸ ಮಾಡುತ್ತಿರುವ ಬೇರೆ ಫೋಟೊ ನಮ್ಮಲ್ಲಿ ಯಾರ ಬಳಿಯೂ ಇಲ್ಲ.

ಆ ಕ್ಯಾಮೆರಾವನ್ನು ನಾನು ಈಗಲೂ ಬಳಸುತ್ತೇನೆ. ಗಡಿಯಾರಕ್ಕೆ ಜೀವ ಕೊಡುವ ಒಳಗಿನ ಪುಟ್ಟ ಬ್ಯಾಟರಿ ಸತ್ತಿರುವುದರಿಂದ ಸೆಲ್ ಬದಲಿಸಿದಾಗಲೆಲ್ಲ ಅದು 2001ರ ಜನವರಿ 1ಕ್ಕೆ ಮರಳುತ್ತದೆ. ಕಳೆದ ದಸರೆಯಲ್ಲಿ ಬೊಂಬೆಗಳ ಮುಂದೆ ಕೂತ ತಂಗಿಯ ಮಗಳ ಫೋಟೊದ ಮೇಲೂ ಅದೇ ತಾರೀಖು ಬಿದ್ದಿದೆ. ನಿಜವಾದ ದಿನಗಳನ್ನು ಒಂದು ನೋಟ್‌ಬುಕ್ಕಿನಲ್ಲಿ, ಫೋಟೊದ ಸಂಖ್ಯೆಯ ಎದುರಿಗೆ, ಪೆನ್ನಿನಲ್ಲಿ ಬರೆದಿಡುತ್ತಿದ್ದೇನೆ.